86 ಯೂನಿಟ್ ಎಲ್ಲಿಗೆ ಹೋಗುತ್ತಿತ್ತು?

ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು ನಾನು. ಈ ಕೇಸ್ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಮುಂದೂಡುತ್ತಲೇ ಬಂದೆ. ಇದರಲ್ಲಿ ನನ್ನ ತಪ್ಪೂ ಇದೆ, ಅದಕ್ಕೇ. ಗುರುತು ಸಿಗಬಾರದು ಅಂತ ರೋಗಿಯ ಬಗ್ಗೆ ಕೆಲವು ವಿವರ ಬದಲಾಯಿಸಿದ್ದೇನೆ. ಸಂಖ್ಯೆಗಳನ್ನು ಮುಟ್ಟಿಲ್ಲ. ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕದಲ್ಲಿವೆ.

ಅವರಿಗೆ 61 ವರ್ಷ. ಜೀವನಪೂರ್ತಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ಟೈಪ್ 2 ಡಯಾಬಿಟಿಸ್ ಬಂದು 14 ವರ್ಷ, ಇನ್ಸುಲಿನ್ ಶುರುವಾಗಿ 6 ವರ್ಷ. ಬಿಪಿಗೆ ಒಂದು ಬೀಟಾ ಬ್ಲಾಕರ್ ಮಾತ್ರೆ, ಜೊತೆಗೆ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ. ಇನ್ಸುಲಿನ್ ಅಂದರೆ 30/70 ಮಿಶ್ರಣ (30 ಭಾಗ ಬೇಗ, 70 ಭಾಗ ನಿಧಾನವಾಗಿ ಕೆಲಸ ಮಾಡುವಂಥದ್ದು), ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು, ಪೆನ್ನಿನಲ್ಲಿ, ಅಂದರೆ ಪೆನ್ನಿನ ಆಕಾರದ, ಡೋಸ್ ತಿರುಗಿಸಿ ಇಟ್ಟು ಒತ್ತುವ ಇಂಜೆಕ್ಷನ್ನಿನಲ್ಲಿ. ಶುರುವಾದಾಗ ದಿನಕ್ಕೆ 24 ಯೂನಿಟ್ ಇತ್ತು. ಈ ಕಥೆ ಶುರುವಾಗುವ ಹೊತ್ತಿಗೆ 86.

ಕೊನೆಯ ಎರಡು ವರ್ಷದ ಫೈಲ್ ತೆಗೆದರೆ ಏಣಿ ಹತ್ತಿದ ಹಾಗೆ ಕಾಣುತ್ತದೆ. ಎಚ್‌ಬಿಎ1ಸಿ (ಸಕ್ಕರೆ ಎಷ್ಟು ಹಿಡಿತದಲ್ಲಿದೆ ಅಂತ ಶೇಕಡಾ ಲೆಕ್ಕದಲ್ಲಿ ಹೇಳುವ ರಕ್ತ ಪರೀಕ್ಷೆ) 8.3, ಡೋಸ್ 52. ಎಚ್‌ಬಿಎ1ಸಿ 8.6, ಡೋಸ್ 64. ಎಚ್‌ಬಿಎ1ಸಿ 9.1, ಡೋಸ್ 78, ಆಮೇಲೆ 86. ಪ್ರತಿ ಸಲ ಇನ್ಸುಲಿನ್ ಏರಿಸಿದ್ದೇವೆ, ಪ್ರತಿ ಸಲ ಸಕ್ಕರೆ ಇಳಿಯುವ ಬದಲು ಅದೂ ಏರಿದೆ. ಈಗ ನೋಡಿದರೆ ಎಷ್ಟು ವಿಚಿತ್ರ ಅಲ್ವಾ? ಆಗ ಯಾರಿಗೂ ಅನಿಸಲಿಲ್ಲ. ಡಾಕ್ಟರ್ ಅವರನ್ನು ಬೈಯುವುದು ಸುಲಭ. ಆದರೆ ಹೊರಗೆ ಜನ ಕಾಯುತ್ತಿರುವಾಗ ಎದುರಿಗೆ 9.1 ಅನ್ನುವ ರಿಪೋರ್ಟ್ ಬಂದರೆ ಯಾರ ಕೈ ಆದರೂ ಡೋಸ್ ಕಡೆಗೇ ಹೋಗುತ್ತದೆ. ಕಿಡ್ನಿ ನೋಡಿದ್ದರು, ಚೆನ್ನಾಗಿತ್ತು. ಥೈರಾಯ್ಡ್ ನೋಡಿದ್ದರು, ಸರಿ ಇತ್ತು. ಊಟದ ಬಗ್ಗೆ ಕೇಳಿದ್ದರು. ನೋಡದೆ ಬಿಟ್ಟದ್ದು ಒಂದೇ, ಅದು ನನ್ನ ಪಾಲಿನ ಕೆಲಸವಾಗಿತ್ತು.

ನಮ್ಮ ಫಾರಂನಲ್ಲಿ ಒಂದು ಸಾಲಿದೆ: ‘ಇಂಜೆಕ್ಷನ್ ತೆಗೆದುಕೊಳ್ಳುವ ಕ್ರಮ ಗೊತ್ತಿದೆಯೇ?’ ಪಕ್ಕದಲ್ಲಿ ಒಂದು ಸಣ್ಣ ಚೌಕ. ಹಿಂದಿನ ಎರಡು ಭೇಟಿಯಲ್ಲಿ ಆ ಚೌಕಕ್ಕೆ ಟಿಕ್ ಹಾಕಿದ್ದು ನಾನೇ. ನನ್ನ ಅಕ್ಷರ, ನನ್ನ ಸಹಿ. ನಾನು ಕೇಳಿದ್ದು ಹೀಗೆ: ‘ಇಂಜೆಕ್ಷನ್ ಸರಿಯಾಗಿ ತಗೋತಿದ್ದೀರಲ್ಲ?’ ಅವರು ‘ಹೂಂ ಸಿಸ್ಟರ್’ ಅಂದರು. ಆರು ವರ್ಷದಿಂದ ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳುವವರನ್ನು ಹಾಗೆ ಕೇಳಿದರೆ ಇನ್ನೇನು ಹೇಳುತ್ತಾರೆ?

ಸಿಕ್ಕಿದ್ದು ಹೇಗೆ

ನನ್ನ ಜಾಣತನದಿಂದ ಸಿಗಲಿಲ್ಲ. ಅವತ್ತು ಲ್ಯಾಬ್‌ನಲ್ಲಿ ತಡವಾಯಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದಿದ್ದರು, ಬೆಳಗಿನ ಇನ್ಸುಲಿನ್ ಇನ್ನೂ ತೆಗೆದುಕೊಂಡಿರಲಿಲ್ಲ. ರಕ್ತ ಕೊಟ್ಟು ಬಂದು, ‘ಸಿಸ್ಟರ್, ಇಲ್ಲೇ ಒಂದು ಮೂಲೆ ಕೊಡಿ, ಇಂಜೆಕ್ಷನ್ ಹಾಕ್ಕೊಂಡು ತಿಂಡಿ ತಿಂತೀನಿ’ ಅಂದರು. ನನ್ನ ಕೋಣೆಯಲ್ಲೇ ಕೂರಿಸಿದೆ. ನಾನು ಬೇರೆ ಯಾವುದೋ ಫೈಲ್ ಬರೆಯುತ್ತಿದ್ದೆ, ಸುಮ್ನೆ ತಲೆ ಎತ್ತಿದೆ.

ಶರ್ಟಿನ ಕೆಳಗಿನ ಎರಡು ಗುಂಡಿ ಬಿಚ್ಚಿದರು. ಜೇಬಿನಿಂದ ಪೆನ್ ತೆಗೆದರು. ಸೂಜಿ ಆಗಲೇ ಅದರಲ್ಲಿತ್ತು. ಪೆನ್ನನ್ನು ಒಂದೆರಡು ಸಲ ಅಲ್ಲಾಡಿಸಿದರು, ಅಷ್ಟೇ. 46ಕ್ಕೆ ತಿರುಗಿಸಿದರು. ಆಮೇಲೆ ಹೊಟ್ಟೆ ನೋಡದೆಯೇ, ಕತ್ತಲಲ್ಲಿ ಮನೆಯ ಸ್ವಿಚ್ ಹಾಕುವ ಹಾಗೆ, ಹೊಕ್ಕುಳ ಬಲಗಡೆ ಒಂದು ಜಾಗಕ್ಕೆ ನೇರವಾಗಿ ಚುಚ್ಚಿದರು. ಒತ್ತಿ ತಕ್ಷಣ ತೆಗೆದರು. ಸೂಜಿಯ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು.

ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಅದು ನನಗೆ ತಟ್ಟಿತು. ಎಷ್ಟೇ ಅಭ್ಯಾಸ ಇದ್ದರೂ ಸೂಜಿ ಚುಚ್ಚುವಾಗ ಕಣ್ಣಿನ ಹತ್ತಿರ ಏನೋ ಸಣ್ಣದಾಗಿ ಆಗುತ್ತದೆ. ಇವರಿಗೆ ಏನೂ ಆಗಲಿಲ್ಲ.

‘ನೋವಾಗಲ್ವಾ?’ ಅಂತ ಕೇಳಿದೆ.

‘ಅಲ್ಲಿ ಆಗಲ್ಲ ಸಿಸ್ಟರ್. ಬೇರೆ ಕಡೆ ಆಗುತ್ತೆ, ಅದಕ್ಕೇ ಅಲ್ಲೇ ಹಾಕ್ಕೋತೀನಿ.’

ಮಲಗಿಸಿದೆ. ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ದೀಪವನ್ನು ಪಕ್ಕದಿಂದ ಬೀಳುವ ಹಾಗೆ ತಿರುಗಿಸಿದಾಗ ಹೊಕ್ಕುಳ ಎರಡೂ ಕಡೆ ಮೆಲ್ಲಗೆ ಉಬ್ಬಿದ ಹಾಗೆ ನೆರಳು ಬಿತ್ತು. ಕೈ ಬೆಚ್ಚಗೆ ಮಾಡಿಕೊಂಡು, ಬೆರಳಿಗೆ ಸ್ವಲ್ಪ ಜೆಲ್ ಹಚ್ಚಿಕೊಂಡು ಹೊರಗಿನಿಂದ ಒಳಗೆ ಸುತ್ತು ಸುತ್ತಾಗಿ ಸವರುತ್ತಾ ಬಂದೆ. ಮೆತ್ತಗಿನ ಚರ್ಮ, ಮೆತ್ತಗಿನ ಚರ್ಮ, ಇದ್ದಕ್ಕಿದ್ದ ಹಾಗೆ ಗಟ್ಟಿ ರಬ್ಬರ್. ಒಳ್ಳೆಯ ಚರ್ಮವನ್ನು ಎರಡು ಬೆರಳಿನಲ್ಲಿ ಚಿವುಟಿದರೆ ತೆಳ್ಳಗೆ ಒಟ್ಟಿಗೆ ಬರುತ್ತದೆ, ಇಲ್ಲಿ ಬೆರಳುಗಳು ಒಂದಕ್ಕೊಂದು ಹತ್ತಿರವೇ ಬರಲಿಲ್ಲ. ಅಂಚನ್ನು ಬರೆಯುವ ಪೆನ್ನಿನಲ್ಲಿ ಗುರುತು ಮಾಡಿ ಅಳೆದೆ. ಬಲಗಡೆ 7 ಸೆಂಟಿಮೀಟರ್ ಉದ್ದ, 4 ಅಗಲ. ಎಡಗಡೆ 5 ಉದ್ದ, 3 ಅಗಲ. ಬಲಗಡೆಯದು ಬೆಳಗಿನ ಜಾಗ, ಎಡಗಡೆಯದು ರಾತ್ರಿಯದು. ಲೆಕ್ಕದ ಮನುಷ್ಯ, ಅದರಲ್ಲೂ ಶಿಸ್ತು.

ಗಂಟಿನ ಒಳಗೆ ಏನಿದೆ

ಇದಕ್ಕೆ ಲೈಪೋಹೈಪರ್‌ಟ್ರೋಫಿ ಅನ್ನುತ್ತಾರೆ. ಚರ್ಮದ ಕೆಳಗಿನ ಕೊಬ್ಬು ಊದಿಕೊಂಡು ಗಟ್ಟಿಯಾಗುವುದು. ಇನ್ಸುಲಿನ್‌ನ ಸ್ವಭಾವವೇ ಕೊಬ್ಬಿನ ಕೋಶಗಳನ್ನು ಬೆಳೆಸುವುದು. ಒಂದೇ ಜಾಗಕ್ಕೆ ದಿನಾ ಬಿದ್ದರೆ ಅಲ್ಲಿನ ಕೋಶಗಳು ದಪ್ಪವಾಗುತ್ತವೆ, ಮೊಂಡಾದ ಸೂಜಿಯಿಂದ ಆಗುವ ಗಾಯ ಅದಕ್ಕೆ ಸೇರಿಕೊಳ್ಳುತ್ತದೆ. ಸೂಜಿ ಎಷ್ಟು ದಿನಕ್ಕೆ ಬದಲಾಯಿಸುತ್ತೀರಿ ಅಂತ ಕೇಳಿದರೆ ‘ಪ್ರತಿ ಭಾನುವಾರ’ ಅಂದರು. ದಿನಕ್ಕೆ ಎರಡು, ವಾರಕ್ಕೆ 14 ಸಲ ಒಂದೇ ಸೂಜಿ. ಅದು ಒಂದೇ ಸಲಕ್ಕೆ ಅಂತ ಮಾಡಿದ ವಸ್ತು.

ಆ ಗಂಟಿನಲ್ಲಿ ನೋವು ಕಡಿಮೆ. ಹಾಗಾಗಿ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಹೋದಷ್ಟೂ ಗಂಟು ಬೆಳೆಯುತ್ತದೆ, ಬೆಳೆದಷ್ಟೂ ನೋವು ಕಡಿಮೆ. ನಮ್ಮ ಪುಸ್ತಕಗಳಲ್ಲಿ ‘ರೋಗಿ ಜಾಗ ಬದಲಾಯಿಸುವುದಿಲ್ಲ’ ಅಂತ ಬರೆದಿರುತ್ತದೆ, ಅವರೇನೋ ಸೋಮಾರಿ ಅನ್ನುವ ಹಾಗೆ. ದಿನಾ ಎರಡು ಸಲ ಚುಚ್ಚಿಕೊಳ್ಳಬೇಕಾದ ಮನುಷ್ಯ ನೋಯದ ಜಾಗ ಹುಡುಕಿಕೊಂಡಿದ್ದರಲ್ಲಿ ಸೋಮಾರಿತನ ಏನಿದೆ ನನಗೆ ಅರ್ಥವಾಗುವುದಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ತೊಂದರೆ ಏನೆಂದರೆ ಗಂಟಿನಿಂದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕೆಲವೊಮ್ಮೆ ನಿಧಾನ, ಕೆಲವೊಮ್ಮೆ ಅರ್ಧಂಬರ್ಧ, ಕೆಲವೊಮ್ಮೆ ಬೇಡದ ಹೊತ್ತಿಗೆ. ಊಟ ಮಾಡಿದಾಗ ಸಕ್ಕರೆ 300 ದಾಟುತ್ತದೆ, ಇನ್ಸುಲಿನ್ ಇನ್ನೂ ಅಲ್ಲೇ ಕೂತಿರುತ್ತದೆ. ಊಟ ಕರಗಿದ ಮೇಲೆ, ನಡುರಾತ್ರಿಯಲ್ಲಿ, ಅದು ಹೊರಡುತ್ತದೆ. ಇದು ಅಪರೂಪದ ವಿಷಯವೂ ಅಲ್ಲ. 2013ರಲ್ಲಿ ಪ್ರಕಟವಾದ ಸ್ಪೇನ್ ದೇಶದ ಒಂದು ಅಧ್ಯಯನದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ 430 ಜನರನ್ನು ಪರೀಕ್ಷಿಸಿದಾಗ ಸುಮಾರು 64% ಜನರಲ್ಲಿ ಇಂಥ ಗಂಟು ಸಿಕ್ಕಿತ್ತು. ನೂರಕ್ಕೆ ಅರವತ್ತನಾಲ್ಕು! ಅದನ್ನು ಓದಿ ಪರೀಕ್ಷೆ ಪಾಸಾದವಳು ನಾನು, ಆದರೂ ನನ್ನ ಕೋಣೆಗೆ ಬಂದ ಹೊಟ್ಟೆಗಳನ್ನು ಮುಟ್ಟಿ ನೋಡಿರಲಿಲ್ಲ.

ಇನ್ನು ಅಲ್ಲಾಡಿಸುವ ವಿಷಯ. 30/70 ಮಿಶ್ರಣ ಮೋಡದ ಹಾಗೆ ಬೆಳ್ಳಗಿರುತ್ತದೆ, ಇಟ್ಟಾಗ ತಳದಲ್ಲಿ ಕೂರುತ್ತದೆ. ಅಂಗೈಗಳ ನಡುವೆ 10 ಸಲ ಉರುಳಿಸಿ, 10 ಸಲ ಮೇಲೆ ಕೆಳಗೆ ತಿರುಗಿಸಿ, ಪೂರ್ತಿ ಒಂದೇ ಬಿಳುಪು ಬಂದ ಮೇಲೆ ತೆಗೆದುಕೊಳ್ಳಬೇಕು. ಒಂದೆರಡು ಸಲ ಕುಲುಕಿದರೆ ಒಂದು ದಿನ ನೀರು ಜಾಸ್ತಿ, ಇನ್ನೊಂದು ದಿನ ಗಟ್ಟಿ ಜಾಸ್ತಿ. ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ, ಇನ್ಸುಲಿನ್ ಹೊರಗೆ ಸೋರುತ್ತದೆ. ಒತ್ತಿದ ಮೇಲೆ ಹತ್ತು ಎಣಿಸದಿದ್ದರೆ ಆ ನೇತಾಡುವ ಹನಿ. ಒಂದೊಂದೂ ಸಣ್ಣದು. ಎಲ್ಲ ಸೇರಿ 86 ಯೂನಿಟ್‌ನಲ್ಲಿ ಎಷ್ಟು ದೇಹಕ್ಕೆ ಸೇರುತ್ತಿತ್ತು ಅನ್ನುವುದು ಯಾರಿಗೂ ಗೊತ್ತಿಲ್ಲದ ಲೆಕ್ಕವಾಗಿತ್ತು.

ನೋಟ್‌ಬುಕ್ ಮತ್ತು ಮೀಟರ್

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಕೆಂಪು ಗೆರೆ, ನೀಲಿ ಗೆರೆ, ತಾರೀಖು, ಬೆಳಿಗ್ಗೆ, ರಾತ್ರಿ. ಅಷ್ಟು ಚಂದದ ದಾಖಲೆ ನಾನು ಯಾರಲ್ಲೂ ನೋಡಿಲ್ಲ. 190, 210, 240, 185. ಜಾಸ್ತಿ ಇದೆ, ಆದರೆ ಒಂದು ಮಟ್ಟದಲ್ಲಿದೆ. ಡಾಕ್ಟರ್ ನೋಡುತ್ತಿದ್ದುದು ಅದನ್ನೇ.

ಅವತ್ತು ಮೀಟರ್ ಕೂಡ ಜೇಬಿನಲ್ಲಿತ್ತು. ಗ್ಲುಕೋಮೀಟರ್‌ಗಳು ನೂರಾರು ಫಲಿತಾಂಶ ನೆನಪಿಟ್ಟುಕೊಳ್ಳುತ್ತವೆ. ಮೊದಲು ಅದರ ತಾರೀಖು, ಗಂಟೆ ಸರಿ ಇದೆಯಾ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಹಗಲನ್ನು ರಾತ್ರಿ ಅಂದುಕೊಂಡು ತಲೆ ಕೆಡಿಸಿಕೊಳ್ಳುತ್ತೀರಿ. ಸರಿ ಇತ್ತು. ಹಿಂದಕ್ಕೆ ಒತ್ತುತ್ತಾ ಹೋದೆ. 318. 62. 204. 58. 340. 66. ಹಿಂದಿನ ತಿಂಗಳೊಂದರಲ್ಲೇ 70ಕ್ಕಿಂತ ಕಡಿಮೆ, ಅಂದರೆ ಇಳಿಯಬಾರದಷ್ಟು ಇಳಿದದ್ದು, ಐದು ಸಲ. ನೋಟ್‌ಬುಕ್ಕಿನಲ್ಲಿ ಅವು ಒಂದೂ ಇಲ್ಲ.

‘ಇವು ಬರೆದಿಲ್ವಲ್ಲ?’

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮನೆಯಲ್ಲಿ ಹೆದರ್ಕೋತಾರೆ. ಆಮೇಲೆ ಒಬ್ಬನೇ ಎಲ್ಲೂ ಹೋಗೋಕೆ ಬಿಡಲ್ಲ’ ಅಂದರು. ಅಂದರೆ ದಾಖಲೆ ಸುಳ್ಳಲ್ಲ, ಬರೆದದ್ದೆಲ್ಲ ನಿಜ. ಬರೆಯದ್ದು ಬರೆದಿಲ್ಲ, ಅಷ್ಟೇ. ಬಹಳ ಜನ ಹೀಗೆ ಮಾಡುತ್ತಾರೆ. ನಮ್ಮ ಹತ್ತಿರ ಬರುವ ಮೊದಲು ನಮ್ಮ ಮುಖ ಹೇಗಾಗುತ್ತದೆ ಅಂತ ಯೋಚಿಸಿ ಬರೆಯುತ್ತಾರೆ. ಹೆಚ್ಚು ಬಂದರೆ ಬೈಗುಳ, ಕಡಿಮೆ ಬಂದರೆ ಗಾಬರಿ. ಆ ಮುಖ ಮಾಡಿದ್ದು ನಾವೇ ತಾನೆ.

ಎಚ್‌ಬಿಎ1ಸಿ ಅನ್ನುವುದು ಸುಮಾರು ಮೂರು ತಿಂಗಳ ಸರಾಸರಿ. ಅವತ್ತು ಮಧ್ಯಾಹ್ನ ಬಂದ ರಿಪೋರ್ಟ್ 9.4. ಅಂದರೆ ಸರಾಸರಿ ಸಕ್ಕರೆ ಸುಮಾರು 223. ಸರಾಸರಿಗೆ ಒಂದು ಕೆಟ್ಟ ಗುಣವಿದೆ. 58 ಮತ್ತು 340 ಎರಡನ್ನೂ ನುಂಗಿ ನಡುವಿನ ಯಾವುದೋ ಅಂಕಿ ಕೊಡುತ್ತದೆ. ಅದು ನೋಡಿ ಡೋಸ್ ಏರಿಸಿದರೆ 58 ಇದ್ದದ್ದು ಎಲ್ಲಿಗೆ ಹೋಗಬೇಕು?

ಹೆಂಡತಿ ಹೊರಗೆ ಕೂತಿದ್ದರು. ರೋಗಿಯ ಒಪ್ಪಿಗೆ ಕೇಳಿ ಅವರನ್ನು ಒಳಗೆ ಕರೆದೆ. ‘ರಾತ್ರಿ ಏನಾದರೂ ಬದಲಾವಣೆ ಗಮನಿಸಿದ್ದೀರಾ?’ ಅಂದೆ. ‘ದಿಂಬು ಒದ್ದೆ ಆಗಿರುತ್ತೆ. ವಯಸ್ಸಾಯ್ತು, ಸೆಕೆ ಅಂತಾರೆ’ ಅಂದರು. ಸಕ್ಕರೆ ಇಳಿದಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಆಗುತ್ತದೆ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಈ ಎರಡೂ ಮುಚ್ಚಿಹೋಗಬಹುದು. ಬೆವರು ಮಾತ್ರ ಉಳಿಯುತ್ತದೆ. ಅವರ ದೇಹ ಒಂದೇ ದಾರಿಯಲ್ಲಿ ಕೂಗುತ್ತಿತ್ತು, ಅದನ್ನು ದಿಂಬು ಮಾತ್ರ ಕೇಳಿಸಿಕೊಂಡಿತ್ತು.

ಇನ್ನೊಂದು ವಿಷಯ ಹೆಂಡತಿಯೇ ನೆನಪಿಸಿದರು. ಹಿಂದಿನ ವರ್ಷ ಒಂದು ಸಣ್ಣ ಆಪರೇಷನ್‌ಗೆ ಬೇರೆ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರಂತೆ. ಅಲ್ಲಿ ಎರಡನೇ ದಿನ ಸಕ್ಕರೆ 48ಕ್ಕೆ ಇಳಿದಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಸರಿಯಾಗಿ ಊಟ ಮಾಡದ ಕಾರಣ’ ಅಂತಿದೆ. ‘ಊಟ ಮಾಡಿದ್ರು, ನಾನೇ ಪಕ್ಕದಲ್ಲಿದ್ದೆ’ ಅಂದರು ಅವರು. ಅಲ್ಲಿ ಇನ್ಸುಲಿನ್ ಯಾರು ಕೊಡುತ್ತಿದ್ದರು? ನರ್ಸ್. ಎಲ್ಲಿಗೆ? ತೋಳಿಗೆ. ಅಂದರೆ ಆರೋಗ್ಯವಾದ ಚರ್ಮಕ್ಕೆ, ಪೂರ್ತಿ ಡೋಸ್, ಹತ್ತು ಎಣಿಸಿ. ಉತ್ತರ ಒಂದು ವರ್ಷ ಮೊದಲೇ ಚೀಟಿಯಲ್ಲಿ ಇತ್ತು, ಓದುವವರು ಇರಲಿಲ್ಲ.

ಡೋಸ್ ಇಳಿಸಿದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ಇದು ಅಪಾಯದ ಜಾಗ. ಗಂಟು ಸಿಕ್ಕಿತು, ನಾಳೆಯಿಂದ ತೊಡೆಗೆ ಹಾಕಿಕೊಳ್ಳಿ ಅಂತ ಕಳಿಸಿದ್ದರೆ ಅವರನ್ನು ನಾನು ಕೊಲ್ಲುವ ಹತ್ತಿರಕ್ಕೆ ತಂದಿರುತ್ತಿದ್ದೆ. ಗಂಟಿನಲ್ಲಿ 86 ಯೂನಿಟ್ ಮಾಡಲಾಗದ ಕೆಲಸವನ್ನು ಒಳ್ಳೆಯ ಚರ್ಮದಲ್ಲಿ ಅದಕ್ಕಿಂತ ಬಹಳ ಕಡಿಮೆ ಮಾಡುತ್ತದೆ. ಜಾಗ ಬದಲಾಯಿಸುವಾಗ ಡೋಸ್ ಇಳಿಸಲೇಬೇಕು, ಎಷ್ಟೋ ಸಲ 20%ಗಿಂತ ಜಾಸ್ತಿ, ಮತ್ತು ಆ ದಿನಗಳಲ್ಲಿ ಸಕ್ಕರೆ ಪದೇ ಪದೇ ನೋಡಬೇಕು. ಓದುವವರಲ್ಲಿ ಯಾರಿಗಾದರೂ ಹೊಟ್ಟೆ ಮುಟ್ಟಿ ನೋಡಿಕೊಳ್ಳಬೇಕು ಅನಿಸಿ ಗಂಟು ಸಿಕ್ಕಿದರೆ, ದಯವಿಟ್ಟು ನೀವೇ ಜಾಗ ಬದಲಾಯಿಸಬೇಡಿ. ಮೊದಲು ನಿಮ್ಮ ಕ್ಲಿನಿಕ್ಕಿಗೆ ಹೇಳಿ.

ಡಾಕ್ಟರ್ ಹತ್ತಿರ ನಾನು ಮೂರು ವಸ್ತು ತೆಗೆದುಕೊಂಡು ಹೋದೆ: ಹೊಟ್ಟೆಯ ಚಿತ್ರ ಬರೆದು ಅಳತೆ ಹಾಕಿದ ಹಾಳೆ, ಮೀಟರ್, ಹಳೆಯ ಡಿಸ್ಚಾರ್ಜ್ ಚೀಟಿ. ಅವರು ಆಗಲೇ ಚೀಟಿಯಲ್ಲಿ 94 ಅಂತ ಬರೆದು ಮುಗಿಸಿದ್ದರು. ಹಾಳೆ ನೋಡಿದರು, ಎದ್ದು ಬಂದು ತಾವೇ ಮುಟ್ಟಿ ನೋಡಿದರು, ವಾಪಸ್ ಹೋಗಿ 94 ಹೊಡೆದು ಹಾಕಿ 68 ಬರೆದರು. ಬೆಳಿಗ್ಗೆ 36, ರಾತ್ರಿ 32. ಸುಮಾರು 20% ಕಡಿತ. ಡೋಸ್ ಬದಲಾಯಿಸುವ ಅಧಿಕಾರ ನನಗಿಲ್ಲ. ಕೆಲವು ದೇಶಗಳಲ್ಲಿ ತರಬೇತಿ ಪಡೆದ ನರ್ಸ್‌ಗಳು ಔಷಧಿ ಬರೆಯುತ್ತಾರೆ, ಬ್ರಿಟನ್ನಿನಲ್ಲಿ 2006ರಿಂದ ಬಹುತೇಕ ಎಲ್ಲ ಔಷಧಿಗಳನ್ನೂ ಬರೆಯಬಹುದು. ನನಗೆ ಆ ಅಧಿಕಾರ ಇದ್ದಿದ್ದರೆ ಚೆನ್ನಾಗಿತ್ತಾ? ಫೋನಿನಲ್ಲಿ ಎರಡು ಯೂನಿಟ್ ಇಳಿಸಲು ಅರ್ಧ ಗಂಟೆ ಡಾಕ್ಟರ್ ಹಿಂದೆ ಓಡಾಡಿದ ದಿನ ಹೌದು ಅನಿಸುತ್ತದೆ. ಹಳೆಯ ಟಿಕ್‌ಗಳನ್ನು ನೋಡಿದ ದಿನ ಅಷ್ಟು ಧೈರ್ಯ ಬರುವುದಿಲ್ಲ.

ಮತ್ತೆ ನನ್ನ ಕೋಣೆಗೆ ಬಂದು ಒಂದು ಗಂಟೆ ಕೂತೆವು. ನಾನು ತೋರಿಸಿದೆ, ಆಮೇಲೆ ‘ನಾನು ಹೇಳಿದ್ದು ಸರಿಯಾಗಿತ್ತಾ ನೋಡ್ಬೇಕು, ನೀವು ಮಾಡಿ ತೋರಿಸಿ’ ಅಂದೆ. ಹಾಗೆ ಕೇಳಿದರೆ ಪರೀಕ್ಷೆ ನನ್ನದಾಗುತ್ತದೆ, ಅವರದಲ್ಲ. ಹಾಳೆಯ ಮೇಲೆ ಹೊಟ್ಟೆಯ ಮೇಲ್ಭಾಗ, ಪಕ್ಕಗಳು, ಎರಡು ತೊಡೆ ಅಂತ ಭಾಗ ಮಾಡಿದೆವು. ಒಂದು ಭಾಗ ಒಂದು ವಾರ. ಆ ಭಾಗದ ಒಳಗೂ ಹಿಂದಿನ ಚುಚ್ಚಿನಿಂದ ಕನಿಷ್ಠ 1 ಸೆಂಟಿಮೀಟರ್ ದೂರ, ಒಂದು ಬೆರಳಿನ ಅಗಲ ಅಂದುಕೊಳ್ಳಿ. ಗಂಟುಗಳು ನಿಷಿದ್ಧ. ಲೆಕ್ಕದ ಮನುಷ್ಯನ ಕಣ್ಣು ಅರಳಿತು. ‘ಇದಕ್ಕೂ ಒಂದು ಕಾಲಂ ಹಾಕ್ತೀನಿ’ ಅಂದರು. ಹಾಕಿದರು ಕೂಡ. ಕಡಿಮೆ ಸಕ್ಕರೆಗೆ ಇನ್ನೊಂದು ಕಾಲಂ ಹಾಕಿಸಿದೆ. ಅದರ ತಲೆಬರಹ ‘ಸಿಸ್ಟರ್‌ಗೆ ಮಾತ್ರ’ ಅಂತ ಅವರೇ ಬರೆದರು. ಹೆಂಡತಿ ಪಕ್ಕದಲ್ಲೇ ಕೂತು ನೋಡುತ್ತಿದ್ದರು, ನಕ್ಕರು.

70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಏರದಿದ್ದರೆ ಮತ್ತೆ ಅಷ್ಟೇ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ತುರ್ತು ಸಹಾಯ ಕರೆಯಬೇಕು. ಇದನ್ನು ಹೆಂಡತಿಯ ಬಾಯಲ್ಲಿ ಎರಡು ಸಲ ಹೇಳಿಸಿದೆ.

ಐದನೇ ದಿನ

ಎರಡು ದಿನಕ್ಕೊಮ್ಮೆ ಫೋನ್ ಮಾಡುವುದು ಅಂತ ಇತ್ತು. ಮೊದಲ ಫೋನಿಗೆ ಬೆಳಗಿನ ಸಕ್ಕರೆ 131. ಎರಡನೆಯದಕ್ಕೆ 96. ಅವರಿಗೆ ಖುಷಿ. ನನಗೆ ಹೊಟ್ಟೆಯಲ್ಲಿ ಏನೋ ಒಂಥರಾ. ಎರಡು ವರ್ಷದಿಂದ ಖಾಲಿ ಹೊಟ್ಟೆಯಲ್ಲಿ 96 ನೋಡದ ಮನುಷ್ಯನಲ್ಲಿ ಅದು ನಾಲ್ಕನೇ ದಿನಕ್ಕೇ ಬಂದಿದೆ ಅಂದರೆ ಇನ್ನೂ ಇಳಿಯುತ್ತಿದೆ. ಅವತ್ತೇ ಡಾಕ್ಟರ್‌ಗೆ ಹೇಳಬೇಕಿತ್ತು. ನಾಳೆ ಬೆಳಗಿನದ್ದು ನೋಡಿ ಹೇಳೋಣ ಅಂದುಕೊಂಡೆ.

ಐದನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ದಿಂಬು ಒದ್ದೆ. ಈ ಸಲ ಹೆಂಡತಿ ಸೆಕೆ ಅಂದುಕೊಳ್ಳಲಿಲ್ಲ. ಎಬ್ಬಿಸಿ ಬೆರಳು ಚುಚ್ಚಿದರು. 51. ಮಾತು ತೊದಲುತ್ತಿತ್ತು, ಆದರೆ ನುಂಗುತ್ತಿದ್ದರು. ಗ್ಲೂಕೋಸ್ ಕೊಟ್ಟರು, 15 ನಿಮಿಷಕ್ಕೆ 74, ಮತ್ತೊಮ್ಮೆ ಕೊಟ್ಟರು, 108. ಎಂಟು ಗಂಟೆಗೆ ಕ್ಲಿನಿಕ್ ತೆಗೆಯುವ ಮೊದಲೇ ಫೋನ್ ಬಂತು. ಅವರ ದನಿಯಲ್ಲಿ ಬೇಸರ ಇರಲಿಲ್ಲ, ನೀವು ಹೇಳಿದ ಹಾಗೇ ಮಾಡಿದೆ ಅನ್ನುವ ಹೆಮ್ಮೆ ಇತ್ತು. ನನಗೇ ಮಾತು ಬರಲಿಲ್ಲ. ರಾತ್ರಿಯ ಡೋಸ್ ಅವತ್ತೇ 24ಕ್ಕೆ ಇಳಿಯಿತು. ಮುಂದಿನ ವಾರಗಳಲ್ಲಿ ಬೆಳಗಿನದೂ 30ಕ್ಕೆ ಬಂತು. ಆರನೇ ವಾರಕ್ಕೆ ದಿನಕ್ಕೆ ಒಟ್ಟು 54.

ಈಗ ಜಾಗ ಬದಲಾಯಿಸಿದವರಿಗೆ ಮೊದಲ ವಾರ ದಿನಾ ಫೋನ್ ಮಾಡುತ್ತೇನೆ. ಹತ್ತು ನಿಮಿಷವೂ ಆಗುವುದಿಲ್ಲ. ಆ ಹತ್ತು ನಿಮಿಷ ಯಾವ ವರದಿಯಲ್ಲೂ ಕೆಲಸ ಅಂತ ಲೆಕ್ಕಕ್ಕೆ ಬರುವುದಿಲ್ಲ, ಅದು ಬೇರೆ ಜಗಳ, ಇಲ್ಲಿ ಬೇಡ.

ತೊಡೆಯ ಜಗಳ

ಮೂರನೇ ತಿಂಗಳಲ್ಲಿ ಎಚ್‌ಬಿಎ1ಸಿ 7.6 ಬಂತು. ಕಥೆ ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿ ಕಾಣುತ್ತಿತ್ತು. ಆದರೆ ದೀರ್ಘಕಾಲದ ಕಾಯಿಲೆ ಅಂದರೆ ಮೂರನೇ ತಿಂಗಳ ಆಮೇಲೆ ನಾಲ್ಕನೇ ತಿಂಗಳು ಇರುತ್ತದೆ.

ಐದನೇ ತಿಂಗಳಲ್ಲಿ ಬೆಳಗಿನ ಸಕ್ಕರೆ ಮತ್ತೆ 180, 195 ಅಂತ ಏರತೊಡಗಿತು. ನೋಟ್‌ಬುಕ್ ತೆಗೆದು ನೋಡಿದೆ. ಜಾಗದ ಕಾಲಂ ಒಂಬತ್ತು ದಿನ ಖಾಲಿ. ಅವರು ಸುಳ್ಳು ಬರೆಯುವುದಿಲ್ಲ ಅಂತ ಮೊದಲೇ ಹೇಳಿದೆನಲ್ಲ. ಕೇಳಿದಾಗ ಹೇಳಿದರು: ‘ತೊಡೆಗೆ ಹಾಕ್ಕೊಂಡ್ರೆ ಜೀವ ಹೋಗುತ್ತೆ ಸಿಸ್ಟರ್. ಮತ್ತೆ ಹೊಟ್ಟೆಗೇ ಹೋದೆ, ಬಲಗಡೆಗೆ.’ ಹಳೆಯ ಗಂಟಿಗೆ.

ಮೊದಲು ನನಗೆ ಸಿಟ್ಟು ಬಂತು. ಅಷ್ಟು ಹೊತ್ತು ಕೂತು ಹೇಳಿದ್ದು ವ್ಯರ್ಥವಾಯಿತು ಅನಿಸಿತು. ಸಿಟ್ಟು ನುಂಗಿಕೊಂಡು ‘ಪೆನ್ ಕೊಡಿ ನೋಡೋಣ’ ಅಂದೆ. ಸೂಜಿ ಬಿಚ್ಚಿದೆ. 8 ಮಿಲಿಮೀಟರ್.

ನಾನು ಹೇಳಿದ್ದು 4 ಮಿಲಿಮೀಟರ್ ಸೂಜಿ. ಚೀಟಿಯಲ್ಲೂ ಹಾಗೇ ಇದೆ. ಮನುಷ್ಯ ದಪ್ಪ ಇರಲಿ ಸಣ್ಣ ಇರಲಿ, ಚುಚ್ಚುವ ಜಾಗಗಳಲ್ಲಿ ಚರ್ಮದ ದಪ್ಪ ಸುಮಾರು 2 ಮಿಲಿಮೀಟರ್ ಮಾತ್ರ. 4 ಮಿಲಿಮೀಟರ್ ಸೂಜಿ ಅದನ್ನು ದಾಟಿ ಕೊಬ್ಬಿನಲ್ಲಿ ನಿಲ್ಲುತ್ತದೆ. ಅವರ ತೊಡೆ ತೆಳ್ಳಗಿನದು, 8 ಮಿಲಿಮೀಟರ್ ನೇರವಾಗಿ ಚುಚ್ಚಿದರೆ ಸ್ನಾಯುವಿಗೇ ಹೋಗುತ್ತದೆ. ಅದು ನೋಯುತ್ತದೆ, ಮೇಲಾಗಿ ಅಲ್ಲಿಂದ ಇನ್ಸುಲಿನ್ ಬೇಗ ಓಡುತ್ತದೆ. ಮನೆಯಲ್ಲಿ ಹಳೆಯ ಸೂಜಿಯ ಡಬ್ಬಿಗಳು ಇದ್ದವಂತೆ. ಮೊದಲು ವಾರಕ್ಕೆ ಒಂದೇ ಬಳಸುತ್ತಿದ್ದರಿಂದ ರಾಶಿ ಉಳಿದಿತ್ತು. ಬಿಸಾಡುವುದು ಯಾಕೆ, ಮುಗಿಸಿಬಿಡೋಣ ಅಂತ ಮುಗಿಸುತ್ತಿದ್ದರು. ನಾನು ಹೊಸ ಸೂಜಿಯ ಬಗ್ಗೆ ಹೇಳಿದ್ದೆ, ಹಳೆಯದನ್ನು ಏನು ಮಾಡುತ್ತೀರಿ ಅಂತ ಕೇಳಿರಲಿಲ್ಲ.

ಒಂದು ವರ್ಷಕ್ಕೆ 8,760 ಗಂಟೆ. ಅದರಲ್ಲಿ ಅವರು ನಮ್ಮ ಮುಂದೆ ಇರುವುದು ಎಲ್ಲ ಸೇರಿಸಿದರೂ ನಾಲ್ಕೋ ಐದೋ ಗಂಟೆ. ಮಿಕ್ಕದ್ದೆಲ್ಲ ಮನೆಯ ಮೇಜಿನ ಡ್ರಾಯರ್, ಹಳೆಯ ಡಬ್ಬಿ, ಒದ್ದೆ ದಿಂಬು. ಆ ಡ್ರಾಯರ್ ಬಗ್ಗೆ ಕೇಳಲು ಯಾವ ಫಾರಂನಲ್ಲೂ ಚೌಕ ಇಲ್ಲ.

ಅವರ ಗಂಟೆಗಳಿಗೆ ನಾನು ಮಾಡಿದ ಬದಲಾವಣೆ ಸಣ್ಣದು. ಮುಂದಿನ ಸಲ ಬರುವಾಗ ಇಂಜೆಕ್ಷನ್‌ಗೆ ಸಂಬಂಧಪಟ್ಟದ್ದು ಮನೆಯಲ್ಲಿ ಏನೇನಿದೆಯೋ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಅಂದೆ. ತಂದರು. ಪೆನ್ನಿಗೆ ಹಾಕುವ ಇನ್ಸುಲಿನ್ ಕಾರ್ಟ್ರಿಡ್ಜ್ ಎರಡು, ಅವಧಿ ಮುಗಿದದ್ದು, ಯಾವಾಗ ತೆಗೆದದ್ದೋ ಗೊತ್ತಿಲ್ಲದ ಇನ್ನೊಂದು, ನಾಲ್ಕು ಡಬ್ಬಿ 8 ಮಿಲಿಮೀಟರ್ ಸೂಜಿ. ಬಳಸಲು ಶುರು ಮಾಡಿದ ಇನ್ಸುಲಿನ್ ಸಾಮಾನ್ಯವಾಗಿ 28 ದಿನಕ್ಕೆ ಮುಗಿಸಬೇಕು ಅನ್ನುವುದು ಅವರಿಗೆ ಹೊಸ ಸುದ್ದಿ. ಅದಕ್ಕೂ ಒಂದು ಕಾಲಂ ಬಂತು. ಈಗ ಈ ಚೀಲದ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಇದೆ. ಜನ ಬೈದುಕೊಂಡೇ ತರುತ್ತಾರೆ.

ಫಾರಂನ ಆ ಸಾಲನ್ನೂ ಬದಲಾಯಿಸಿದೆವು. ‘ಕ್ರಮ ಗೊತ್ತಿದೆಯೇ’ ಹೋಯಿತು. ‘ಮುಟ್ಟಿ ನೋಡಿದ್ದು: ಎಡ __ ಸೆಂ.ಮೀ., ಬಲ __ ಸೆಂ.ಮೀ.’ ಬಂತು. ಟಿಕ್ ಹಾಕಲು ಆಗುವುದಿಲ್ಲ, ಅಳೆಯಲೇಬೇಕು. ಮೊದಲ ವಾರ ಆ ಖಾಲಿ ಜಾಗಗಳಲ್ಲಿ ನಾನು ತುಂಬಿದ ಅಂಕಿಗಳನ್ನು ನೋಡಿ ನನಗೇ ನಾಚಿಕೆಯಾಯಿತು. ಅವರೆಲ್ಲ ವರ್ಷಗಳಿಂದ ನನ್ನ ಮುಂದೆಯೇ ಕೂತು ಹೋದವರು.

ಏಳನೇ ತಿಂಗಳ ಭೇಟಿಯಲ್ಲಿ ಅವರ ಎಚ್‌ಬಿಎ1ಸಿ 7.4, ಇನ್ಸುಲಿನ್ 52 ಯೂನಿಟ್. 70ಕ್ಕಿಂತ ಕೆಳಗೆ ಹಿಂದಿನ ಎರಡು ತಿಂಗಳಲ್ಲಿ ಒಂದೇ ಸಲ, 67, ಮತ್ತು ಅದು ‘ಸಿಸ್ಟರ್‌ಗೆ ಮಾತ್ರ’ ಕಾಲಂನಲ್ಲಿ ಇತ್ತು. ಎಡಗಡೆ ಗಂಟು ಹುಡುಕಿದರೂ ಸಿಗುವುದಿಲ್ಲ. ಬಲಗಡೆಯದು ಇನ್ನೂ 4 ಸೆಂಟಿಮೀಟರ್ ಇದೆ, ಮೆತ್ತಗಾಗಿದೆ. ಸೂಜಿ ಮಾತ್ರ ಈಗಲೂ ಬೆಳಿಗ್ಗೆಯದನ್ನೇ ರಾತ್ರಿಗೂ ಬಳಸುತ್ತಾರೆ. ಹೇಳಿದರೆ ‘14ರಿಂದ 2ಕ್ಕೆ ಇಳಿಸಿದ್ದೀನಲ್ಲ ಸಿಸ್ಟರ್’ ಅಂತ ಲೆಕ್ಕ ಕೊಡುತ್ತಾರೆ. ಮುಂದಿನ ಭೇಟಿ ಮೂರು ತಿಂಗಳಿಗೆ, ಚೀಲದ ಜೊತೆ.